ತರಬೇತಿಯಲ್ಲಿ ಕಲಿಸಿದ ಹಾಗೆ

ಸ್ಮಾರ್ಟ್ ಬೋರ್ಡ್ ಪಾಠ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಶಾಲೆಗೆ, ರುದ್ರಮ್ಮ ಟೀಚರ್ ತರಗತಿಗೆ ಬಂದರು.

"ಏನಮ್ಮಾ, ಮೂರು ದಿನ ನಿಮಗೆ ತರಬೇತಿ ಕೊಟ್ಟವನು ನಾನೇ. ಅಲ್ಲಿ ಮಾಡಿದ ಹಾಗೇ ಇಲ್ಲೂ ಮಾಡಿ. ಒಂಚೂರು ಹೆಚ್ಚುಕಮ್ಮಿ ಆದರೂ ನೋಟಿಸ್!"

ಟೀಚರ್ ಸೆರಗಿನಿಂದ ಬೆವರು ಒರೆಸಿಕೊಂಡರು. ಮಕ್ಕಳಿಂದ ಹಾಜರಿ ಹಾಳೆಗೆ ಸಹಿ ಹಾಕಿಸಿದರು. ತಲೆಗೆ ಎರಡೆರಡು ಬಿಸ್ಕತ್ತು ಹಂಚಿದರು. ಮುಸುಕು ಹಾಕಿದ್ದ ಬೋರ್ಡಿನ ಮುಂದೆ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು.

"ಮುಗೀತು ಸಾರ್" ಎಂದರು.

"ಬೋರ್ಡ್ ಆನ್ ಮಾಡಲೇ ಇಲ್ಲವಲ್ಲ!"

"ಅಲ್ಲೂ ಮಾಡಲಿಲ್ಲ ಸಾರ್. ಹೆಚ್ಚುಕಮ್ಮಿ ಆಗಬಾರದು ಅಂದಿರಲ್ಲ."

ಸಾಹೇಬರ ಮುಖ ಕೆಂಪಾಯಿತು. ತಾವೇ ಮುಸುಕು ಕಿತ್ತು, ಬೋರ್ಡಿನ ಸುತ್ತ ತಡಕಾಡಿದರು. ಕೊನೆಗೆ ಮೆಲ್ಲಗೆ ಕೇಳಿದರು: "ಸ್ವಿಚ್ ಎಲ್ಲಿದೆ ಮೇಡಂ?"

"ಮೂರು ದಿನವೂ ನಾವು ಕೇಳಿದ್ದು ಅದನ್ನೇ ಸಾರ್."