ಕಡವಿನ ಹುಟ್ಟು ಯಾರ ಕೈಗೆ?

“ಬುದ್ಧೀ, ಹುಡುಗರ ಉಪಕಾರಬುದ್ಧಿಯನ್ನು ಅಳೆಯುವುದು ಹೇಗೆ?”

ಹೀಗೆಂದು ಗುರುಗಳನ್ನು ಕೇಳಿದ ಶಿಷ್ಯ ಮರುಳಯ್ಯನಿಗೆ ತಲೆ ಕೆಟ್ಟುಹೋಗಿತ್ತು. ಮಠದಲ್ಲಿ ರೋಗಿಗಳನ್ನು ನೋಡಿಕೊಳ್ಳಲು ಅವನು ಅಂದೇ ಒಬ್ಬ ಹುಡುಗನನ್ನು ಆರಿಸಬೇಕಿತ್ತು. ಆಯ್ಕೆ ತಪ್ಪಿದರೆ ನರಳುವವರು ರೋಗಿಗಳು. ಹುಡುಗರೆಲ್ಲ ಒಳ್ಳೆಯವರೇ, ಆದರೆ ಒಬ್ಬೊಬ್ಬರ ಒಳ್ಳೆಯತನ ಒಂದೊಂದು ಥರ. ನಿನ್ನೆ ಮೇಲೆಂದು ಕಂಡವನು ಇಂದು ಕೆಳಗೆ ಕಾಣುತ್ತಿದ್ದ.

ಗುರುಗಳು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ವಯಸ್ಸಾಗಿ ತೋಳಿನ ಕಸುವು ಉಡುಗಿತ್ತು. ಆಚೆ ದಡದಿಂದ ಯಾರಾದರೂ ಕೂಗಿದರೆ ಅಂಬಿಗ ‘ಓ’ ಎನ್ನಬೇಕು. ‘ಓ’ ಎಂದ ಮೇಲೆ ಹೊಳೆ ತುಂಬಿದ್ದರೂ ಹರಿಗೋಲು ಹೊರಡಲೇಬೇಕು. ಹೊಳೆ ದಾಟಿಸುವ ಆ ಕಡವಿನ ಪದ್ಧತಿ ಅದು. ಹರಿಗೋಲು ನಡೆಸುವ ತನ್ನ ಹುಟ್ಟನ್ನು ಯಾರ ಕೈಗೆ ಕೊಡುವುದೆಂದು ಅಂಬಿಗ ತನ್ನ ಬಳಿಯ ಮೂವರು ತರುಣರನ್ನು ಅಳೆದು ನೋಡಿದ. ಒಬ್ಬ ಜನ ನೋಡುವಾಗ ಎಲ್ಲರ ಗಂಟುಮೂಟೆ ಹೊರುತ್ತಿದ್ದ. ಜನ ಚದುರಿದರೆ ಅವನೂ ಮಾಯ. ಇನ್ನೊಬ್ಬ ಕುರುಡಿ ಮುದುಕಿಯ ಬಾಗಿಲಲ್ಲಿ ಯಾರಿಗೂ ತಿಳಿಯದಂತೆ ಸೌದೆ ಇಟ್ಟು ಬರುತ್ತಿದ್ದ. ಮತ್ತೊಬ್ಬ ಹೇಳಿದರೆ ಮಾಡುವವನು. ಹೇಳದಿದ್ದರೆ ಕೂತಲ್ಲಿಂದ ಅಲುಗುತ್ತಿರಲಿಲ್ಲ, ಅಂಥ ಭೂಪ.

ಗುಟ್ಟಾಗಿ ಮಾಡಿದ್ದೇ ಅಪ್ಪಟ ಉಪಕಾರವೆಂದು ಅಂಬಿಗ ಸೌದೆ ಇಡುವವನ ಕೈಗೆ ಹುಟ್ಟು ಕೊಟ್ಟು ಹಗುರಾದ.

ಸಂತೆಯ ದಿನ ಆಚೆ ದಡದಿಂದ ಒಬ್ಬ ತಾಯಿ ಕೂಗಿದಳು. ಮಡಿಲಿನ ಮಗು ಜ್ವರದಲ್ಲಿ ಸುಡುತ್ತಿತ್ತು, ವೈದ್ಯನಿದ್ದದ್ದು ಈಚೆ. ಮೂಟೆ ಹೊರುವವನಿಗೆ ಕೂಗು ಕೇಳಿಸಿತು. ಆದರೆ ಆಚೆ ಭೇಷ್ ಎನ್ನುವವರು ಯಾರಿದ್ದರು? ಅವನು ಮೂಟೆ ಬಿಡಲಿಲ್ಲ. ಹುಟ್ಟು ಹಿಡಿದವನು ತನ್ನ ಉಪಕಾರ ಯಾರ ಕಣ್ಣಿಗೂ ಬೀಳಬಾರದೆಂದು, ಸಂತೆಯ ಜನ ಕರಗಲಿ ಎಂದು ಕಾಯುತ್ತ ನಿಂತ. ಅಷ್ಟರಲ್ಲಿ ಮೂರನೆಯವನು ಅವನ ಕೈಯಿಂದ ಹುಟ್ಟು ಕಿತ್ತುಕೊಂಡು ‘ಓ’ ಎಂದು ಹೊರಟೇಬಿಟ್ಟ. ಮಗು ಉಳಿಯಿತು.

“ನೀನು ಯಾಕೋ ಹೋದೆ?” ಎಂದ ಅಂಬಿಗ.

“ಕರೆದ್ರಲ್ಲ ತಾತ.”

ಅಂಬಿಗ ಯೋಚಿಸಿದ: ಇದನ್ನು ಗುಣವೆನ್ನುವುದೋ, ಬರೀ ಅಭ್ಯಾಸವೆನ್ನುವುದೋ?

ಕತೆ ಕೇಳಿ ಮರುಳಯ್ಯನ ಗೊಂದಲ ಇನ್ನೂ ಹೆಚ್ಚಿತು. “ಹಾಗಾದರೆ ಕರೆದಾಗ ಬರುವವನೇ ಮೇಲಾ, ಬುದ್ಧೀ? ಆ ಕುರುಡಿ ಯಾರನ್ನೂ ಕರೆಯಲಿಲ್ಲವಲ್ಲ. ಅವಳ ಒಲೆ ಉರಿದದ್ದು ಗುಟ್ಟಿನವನಿಂದಲೇ ತಾನೆ? ನಾನು ಯಾವ ಅಳತೆಯನ್ನು ನಂಬಲಿ?”

ಗುರುಗಳು ಅವನನ್ನೇ ನೋಡುತ್ತ ಹೇಳಿದರು: “ಹುಡುಗರನ್ನು ಅಳೆದದ್ದಾಯಿತು. ಹಾಸಿಗೆ ಹಿಡಿದವರನ್ನು ‘ನಿಮಗೆ ಏನು ಬೇಕು’ ಎಂದು ಒಮ್ಮೆಯಾದರೂ ಕೇಳಿದೆಯಾ?”

ಮರುಳಯ್ಯ ಎದ್ದು ರೋಗಿಗಳ ಕೋಣೆಯ ಕಡೆ ನಡೆದ.