ನಡುವಿನ ಗಟ್ಟಿ

“ಗುರುಗಳೇ, ಘನಮೂಲ ನನಗೆ ಒಬ್ಬನಿಗೇ ಬರುತ್ತದೆ. ಇವರ ಜೊತೆ ಕೂತು ಮಣ್ಣಿನ ಗಟ್ಟಿ ಯಾಕೆ ಪೇರಿಸಬೇಕು?” ಎಂದು ಗುರುಪಾದ ಕೇಳಿದ. ಬಟ್ಟೆಗಂಟು ಪಕ್ಕದಲ್ಲೇ ಇತ್ತು. ಗುರುಗಳ ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಮಠ ಬಿಟ್ಟು ಹೊರಡುವುದೆಂದು ನಿಶ್ಚಯಿಸಿಯೇ ಬಂದಿದ್ದ.

ಅವನು ಹೇಳಿದ್ದು ಸುಳ್ಳಲ್ಲ. ಗುರುಗಳು ಸಂಖ್ಯೆ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಅವನ ಉತ್ತರ ಹೊಸ್ತಿಲು ದಾಟಿ, ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ, ಬಂದು ಕೂತಿರುತ್ತಿತ್ತು. ಆದರೆ ಊಟದ ಪಂಕ್ತಿಯಲ್ಲಿ ಅವನ ಎಡಕ್ಕೂ ಬಲಕ್ಕೂ ಒಂದೊಂದು ಎಲೆಯ ಜಾಗ ಖಾಲಿ. ಅವನ ಪಕ್ಕ ಕೂತರೆ ತುತ್ತಿಗೂ ಮೂಲ ಕೇಳುತ್ತಾನೆ ಎಂದು ಯಾರೋ ನಕ್ಕದ್ದು ಅವನ ಕಿವಿಗೆ ಬಿದ್ದಿತ್ತು.

ಅಂದು ಬೆಳಿಗ್ಗೆ ಇಪ್ಪತ್ತೇಳು ಶಿಷ್ಯರೂ ದಾಳದ ಆಕಾರದ ಮಣ್ಣಿನ ಗಟ್ಟಿ ತಲೆಗೊಂದು ತಂದಿದ್ದರು. ಒಂಬತ್ತು ಹರಡಿದರೆ ಚೌಕ. ಬದಿಗೆ ಮೂರು, ಅದೇ ವರ್ಗಮೂಲ. ಮೇಲೆ ಇನ್ನೆರಡು ಚೌಕ ಪೇರಿಸಿದರೆ ಎತ್ತಲಿಂದ ಎಣಿಸಿದರೂ ಮೂರು, ಅದೇ ಘನಮೂಲ. ಎಲ್ಲರದಕ್ಕಿಂತ ಅಚ್ಚುಕಟ್ಟಾದ ಗಟ್ಟಿ ಗುರುಪಾದನದು. ಗುರುಗಳು ಅದನ್ನೇ ನಟ್ಟನಡುವೆ ಇಡಿಸಿ, ಯಾರಿಗೂ ಕಾಣದಂತೆ ಸುತ್ತ ಮುಚ್ಚಿಸಿಬಿಟ್ಟರು.

ಗುರುಗಳು ಗಂಟನ್ನು ನೋಡಿದರು. ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ಗಾಡಿ ಹಾದು ಹೋದರೆ ಸಾಕು, ದಾರಿಯ ಬಾವಿಗಳ ನೀರೆಲ್ಲ ಪಾನಕವಾಗುತ್ತಿತ್ತು. ಸಂತೆಯಲ್ಲಿ ಅವನು ಬೆಲ್ಲದ ಅಚ್ಚುಗಳನ್ನು ನಿಮ್ಮ ಗಟ್ಟಿಗಳ ಹಾಗೆಯೇ ಪೇರಿಸಿದ. ನಡುವೆ ಸಿಕ್ಕ ಅಚ್ಚು ಮುನಿಸಿಕೊಂಡಿತು. ತನ್ನಂಥ ಬೆಲ್ಲವನ್ನು ಹೀಗೆ ಹೂಳಬಹುದೇ, ಮೇಲಿನ ಮೂಲೆಯಲ್ಲಿಡು ಎಂದಿತು. ವ್ಯಾಪಾರಿ ಮೂಲೆಯಲ್ಲಿಟ್ಟ. ಸಂತೆಯೆಲ್ಲ ಅದನ್ನು ನೋಡಿತು. ತೆರೆದ ಮೂರು ಮೈಯಲ್ಲಿ ಒಂದನ್ನು ಬಿಸಿಲು ಕರಗಿಸಿತು, ಒಂದನ್ನು ತೇವದ ಗಾಳಿ ನೆನೆಸಿತು, ಇನ್ನೊಂದನ್ನು ಇರುವೆಗಳು ಹೊತ್ತೊಯ್ದವು; ಒಂದೊಂದು ಇರುವೆಯೂ ಕರುವಿನಷ್ಟಿತ್ತು. ಸಂಜೆಗೆ ಉಳಿದದ್ದು ಒಂದು ಚೂರು.

“ಎಲ್ಲರ ಕಣ್ಣಿಗೂ ಬಿದ್ದೆಯಲ್ಲ?” ಎಂದ ವ್ಯಾಪಾರಿ.

“ಬಿದ್ದೆ. ಒರಗೋಣವೆಂದರೆ ತೆರೆದ ಕಡೆ ಯಾರೂ ಇರಲಿಲ್ಲ” ಎಂದಿತು ಚೂರು.

ಗುರುಪಾದ ಒಪ್ಪಲಿಲ್ಲ. ಮೂಲೆಯದಕ್ಕೆ ಬಿಸಿಲಾದರೂ ಇತ್ತು, ನಡುವಿನದಕ್ಕೆ ಬರೀ ಕತ್ತಲು, ಅದೂ ಒಂಟಿಯೇ ಎಂದ. ಕೈ ಗಂಟಿನ ಮೇಲೆ ಹೋಯಿತು.

ಮೂಲೆಯ ಗಟ್ಟಿಗೆ ಎಷ್ಟು ಗಟ್ಟಿಗಳ ಮೈ ತಾಗುತ್ತದೆ ಎಂದು ಗುರುಗಳು ಕೇಳಿದರು. ಮೂರು ಎಂದ. ನಡುವಿನದಕ್ಕೆ ಎಷ್ಟು ಎಂದರು. ಯಾವ ಲೆಕ್ಕಕ್ಕೂ ಬೆರಳು ಮಡಿಸದವನು ಅಂದು ಬೆರಳು ಮಡಿಸಿದ. ಮೇಲೆ, ಕೆಳಗೆ, ಎಡ, ಬಲ, ಹಿಂದೆ, ಮುಂದೆ.

“ಆರು” ಎಂದ, ಮೆಲ್ಲಗೆ.

“ನಿನ್ನ ಮುಂದೆ ಬಾಯಿ ಬಿಡಲು ಹೆದರುವ ಆರು ಹುಡುಗರು, ತಮ್ಮ ಗಟ್ಟಿ ನಿನ್ನದಕ್ಕೆ ತಾಗಿರಲಿ ಎಂದು ನನ್ನನ್ನು ಕೇಳಿಕೊಂಡಿದ್ದರಪ್ಪ, ಆರು ಮಂದಿಗೂ ಜಾಗವಿದ್ದದ್ದು ಅಲ್ಲೊಂದೇ ಕಡೆ.”