ಕೊಟ್ಟಿಗೆಯ ಹೊಸ ನೌಕರರು

"ಗಂಡಸರಿಂದ ಆಗದ ಕೆಲಸ ಈ ಭೂಮಿಯ ಮೇಲೆ ಯಾವುದಿದೆ ಹೇಳಿ?" ಎಂದು ಹೊಳೆಹಟ್ಟಿಯ ದೊರೆ ಮಲ್ಲರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಅವನನ್ನು ಹೀಗೆ ಉಬ್ಬಿಸಿದವನು ಮಂತ್ರಿ ಭೈರಣ್ಣಯ್ಯ. ಮಂತ್ರಿಯ ಬಾಮೈದ ಕೆಂಚಪ್ಪನನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಅರಮನೆಯ ಕೊಟ್ಟಿಗೆಯ ಯಜಮಾನಿಕೆಯನ್ನಾದರೂ ಅವನಿಗೆ ಕೊಡಿಸೋಣ ಎಂದರೆ, ಅಲ್ಲಿ ಸಿದ್ದವ್ವ ಇದ್ದಳು. ಗಂಡ ತೀರಿಕೊಂಡ ಮೇಲೆ ಆ ಸಂಬಳದಲ್ಲೇ ಅವಳ ಮಕ್ಕಳ ಹೊಟ್ಟೆ ತುಂಬುತ್ತಿತ್ತು.

"ಹೆಂಗಸರಿಗೆ ಮನೆಯಿದೆ, ಒಲೆಯಿದೆ. ಸಂಬಳ ಯಾಕೆ ಪ್ರಭು?" ಎಂದ ಮಂತ್ರಿ.

ದೊರೆಗೆ ಮಾತು ಹಿಡಿಸಿತು. "ಸರಿ! ಅರಮನೆಯಲ್ಲಿ ತಿಂದು ಕೆಲಸ ಮಾಡುವ ಹೆಣ್ಣು ನಾಳೆಯಿಂದ ಒಂದೂ ಇಲ್ಲಿರಕೂಡದು!"

ಸಿದ್ದವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಭೆಯಲ್ಲಿ ತಮಾಷೆಯಾಡಿ ದೊರೆಯನ್ನು ನಗಿಸುತ್ತಿದ್ದ ಗುಂಜವ್ವನ ಕೆಲಸವೂ ಹೋಯಿತು. ಆದರೆ ಅವಳು ಅಳಲಿಲ್ಲ. ಕೈಮುಗಿದು ಮುಂದೆ ಬಂದಳು.

"ಇವತ್ತೊಂದು ದಿನ ನಾನು ಕೆಲಸದಲ್ಲಿದ್ದೇನೆ ತಾನೆ ಪ್ರಭು? ಈ ಅಪ್ಪಣೆ ಜಾರಿ ಮಾಡುವುದನ್ನು ನನಗೇ ಬಿಡಿ."

"ಅದಕ್ಕೇನು, ಮಾಡು!" ದೊರೆ ನಕ್ಕ.

ಮರುದಿನ ಬೆಳಿಗ್ಗೆ ದೊರೆ ಊಟಕ್ಕೆ ಕೂತರೆ ಹಾಲಿಲ್ಲ, ಬೆಣ್ಣೆಯಿಲ್ಲ, ಮಜ್ಜಿಗೆಯ ಹನಿಯೂ ಇಲ್ಲ. ಅಡುಗೆಭಟ್ಟ ಹಿತ್ತಲಿನ ಕಡೆ ಕೈ ತೋರಿಸಿದ.

ದೊರೆ, ಹಿಂದೆ ಮಂತ್ರಿ, ಇಬ್ಬರೂ ಹಿತ್ತಲಿಗೆ ಓಡಿದರು. ಕೋಳಿಗೂಡಿನ ಬುಟ್ಟಿಗಳಲ್ಲಿ ಹುಂಜಗಳನ್ನು ಕೂರಿಸಲಾಗಿತ್ತು. ಮೊಟ್ಟೆ ಇಡದೆ ಏಳಬಾರದೆಂದು ಈಟಿ ಹಿಡಿದ ಭಟರು ಸುತ್ತ ಕಾವಲಿದ್ದರು. ಕೊಟ್ಟಿಗೆಯಲ್ಲಿ ಒಂದು ಹಸುವೂ ಇರಲಿಲ್ಲ. ಸಾಲಾಗಿ ಹೋರಿಗಳು! ಕೊಟ್ಟಿಗೆಯ ಹೊಸ ಯಜಮಾನ ಕೆಂಚಪ್ಪ ಒಂದು ಹೋರಿಯ ಕೆಳಗೆ ಚೆಂಬು ಹಿಡಿದು, "ಕೊಡಪ್ಪಾ, ನನ್ನ ಮಾನ ಉಳಿಸಪ್ಪಾ" ಎಂದು ಬೇಡುತ್ತಿದ್ದ. ಒದೆ ತಿಂದು ಅವನ ಹಣೆಯ ಮೇಲೆ ಬುಗುಟೆ ಎದ್ದಿತ್ತು.

ದೊರೆ ಗುಂಜವ್ವನನ್ನು ಕರೆಸಿದ. "ಹಸುಗಳೆಲ್ಲಿ?"

"ಇಲ್ಲೇ ತಿಂದು ಇಲ್ಲೇ ಕೆಲಸ ಮಾಡುವ ಹೆಣ್ಣುಗಳಲ್ಲವೇ ಪ್ರಭು? ಕಳಿಸಿಬಿಟ್ಟೆ. ಸಿದ್ದವ್ವನ ಹಿಂದೆ ಊರಾಚೆ ಮೇಯುತ್ತಿವೆ."

ಮಂತ್ರಿ ಕಿರುಚಿದ, "ಹೋರಿಗೆ ಈ ಕೆಲಸ ಬರುವುದಿಲ್ಲ ಅನ್ನುವುದೂ ಗೊತ್ತಿಲ್ಲವೇನೇ ನಿನಗೆ?"

"ನಿಮ್ಮ ಬಾಮೈದರಿಗೂ ಬರುವುದಿಲ್ಲವಲ್ಲ ಸ್ವಾಮಿ. ಇಬ್ಬರೂ ಜೊತೆಯಲ್ಲೇ ಕಲಿಯಲಿ ಅಂದುಕೊಂಡೆ."

ಅಷ್ಟರಲ್ಲಿ ಕೆಂಚಪ್ಪ, "ಬಂತು! ಬಂತು!" ಎಂದು ಕೂಗುತ್ತ ತುಂಬಿದ ಚೆಂಬನ್ನು ದೊರೆಯ ಮುಂದೆ ತಂದು ಹಿಡಿದ. ದೊರೆ ಬಗ್ಗಿ ನೋಡಿದ. ಮರುಗಳಿಗೆಯೇ ಮೂಗು ಮುಚ್ಚಿಕೊಂಡು ಹಿಂದೆ ಸರಿದ.

"ಗುಂಜವ್ವಾ, ಈ ಹೋರಿ ಜನ್ಮವೆಲ್ಲ ಇಲ್ಲೇ ನಿಂತರೂ ಒಂದು ತೊಟ್ಟು ಹಾಲು ಕೊಡುತ್ತದೇನೇ?"

"ಎಲ್ಲಿ ಕೊಡುತ್ತದೆ ಪ್ರಭು! ಆದರೆ ಗಂಡಸಲ್ಲವೇ, ಕೆಲಸ ಮಾತ್ರ ಖಾಯಂ!"

ದೊರೆ ನಗು ತಡೆಯಲಾರದೆ ಹುಲ್ಲಿನ ಮೇಲೆ ಕೂತುಬಿಟ್ಟ. ಕಣ್ಣೊರೆಸಿಕೊಂಡು ಎದ್ದವನು ಸಿದ್ದವ್ವನಿಗೆ ಪಲ್ಲಕ್ಕಿ ಕಳಿಸಿದ. ಮಧ್ಯಾಹ್ನ ಅವಳು ಅದರಲ್ಲಿ ಕೂತು ಬಂದಳು, ಹಿಂದೆ ಹಸುಗಳೆಲ್ಲ ಬಂದವು. ಪಲ್ಲಕ್ಕಿಗೆ ಹೆಗಲು ಕೊಟ್ಟವರಲ್ಲಿ ಒಬ್ಬ ಕೆಂಚಪ್ಪ, ಇನ್ನೊಬ್ಬ ಅವನ ಭಾವ.